ಹಾಲಿನ ಕೇಳಿಕೆ

"ಅಜ್ಜಿ, ಹೀಗೆ ಅಲ್ಲಾಡ್ತಾ ಇದ್ರೆ ಮೂಗು ಸೊಟ್ಟಗೆ ಬರುತ್ತೆ. ಆಮೇಲೆ ನನ್ನ ಬೈಬೇಡ," ಎಂದ ಚಿತ್ರಗಾರ ವೆಂತುರಾ, ಇದ್ದಿಲು ಹಿಡಿದ ಕೈಯನ್ನು ಕಾಗದದಿಂದ ಮೇಲೆತ್ತಿ.

"ನಾನೆಲ್ಲಪ್ಪ ಅಲ್ಲಾಡ್ತಿದೀನಿ? ಕೂಸು ಅಲ್ಲಾಡ್ತೈತೆ. ಆರು ತಿಂಗಳ ಕೂಸು ಅಲ್ಲಾಡ್ದೆ ನಿನ್ನ ಗೋಡೆ ಅಲ್ಲಾಡುತ್ತಾ?" ಎಂದಳು ಲಾಪಾ. "ಮೂಗು ಹುಟ್ಟಿದಾಗಿಂದ ಸೊಟ್ಟಗೇ ಐತೆ. ಇದ್ದಂಗೆ ಬರಿ."

"ಇದ್ದ ಹಾಗೆ ಬರೆಯೋದಕ್ಕೇ ನಿಮ್ಮ ಧಣಿ ನನ್ನನ್ನ ಫ್ಲಾರೆನ್ಸಿನಿಂದ ಕರೆಸಿರೋದು," ಎಂದು ವೆಂತುರಾ ನಕ್ಕು ಮತ್ತೆ ಕಾಗದಕ್ಕೆ ಬಾಗಿದ.

ಲಾಪಾ ಮೊಮ್ಮಗಳನ್ನು ಇನ್ನೊಂದು ತೊಡೆಗೆ ಸರಿಸಿಕೊಂಡಳು. ತೆಸ್ಸಾ ತನ್ನ ಹೆಬ್ಬೆರಳನ್ನು ಬಾಯಿಗಿಡುವ ಮೊದಲು ಅದನ್ನು ಒಂದು ಗಳಿಗೆ ದಿಟ್ಟಿಸಿ ನೋಡುತ್ತಿತ್ತು, ತನ್ನದೇ ಹೌದೋ ಅಲ್ಲವೋ ಎಂಬಂತೆ. ಲಾಪಾಳ ಕಣ್ಣು ಮಾತ್ರ ಬಾಗಿಲ ಕಡೆಗಿತ್ತು. ದಿನವೂ ಇಷ್ಟು ಹೊತ್ತಿಗೆ ಧಣಿ ತೆಬಾಲ್ದೊ ಚಿತ್ರ ಎಷ್ಟಾಯಿತು ಎಂದು ನೋಡಲು ಬರುತ್ತಿದ್ದ. ಇವತ್ತು ಅವನಿಗೆ ಹೇಳಿಬಿಡಬೇಕು. ನಿನ್ನೆಯೂ ಹಾಗೆಯೇ ಅಂದುಕೊಂಡು ಬಂದಿದ್ದಳು, ಮೊನ್ನೆಯೂ. ಸಂತ ಮಾರ್ಟಿನನ ಹಬ್ಬ ಹತ್ತಿರ ಬಂದಿತ್ತು. ಆ ದಿನ ಅವಳು, ಅವಳ ಮಗ, ಸೊಸೆ, ಈ ಕೂಸು ಎಲ್ಲರೂ ಮನೆ ಬಿಟ್ಟು ಹೋಗಬೇಕೆಂದು ಪಾರುಪತ್ಯಗಾರ ಬಿಂದೊ ಹೇಳಿ ಹೋಗಿದ್ದ.

ಅವಳು ಕೂತಿದ್ದು ಸೆರ್ರಾಲ್ತ ಕೋಟೆಯ ದೊಡ್ಡ ಪಡಸಾಲೆಯಲ್ಲಿ. ದೊಡ್ಡ ಧಣಿಯ ಕಾಲದಲ್ಲಿ ಇಲ್ಲಿ ಹಗಲಿನಲ್ಲೂ ಪಂಜು ಬೇಕಾಗುತ್ತಿತ್ತು. ಬಾಣ ಬಿಡಲು ಮಾಡಿದ್ದ ಸೀಳು ಕಿಂಡಿಗಳಿಂದ ಬೆಳಕು ಎಷ್ಟು ಬಂದೀತು? ಗೋಡೆಯ ಮೇಲೆ ಗುರಾಣಿಗಳು, ಕೆಳಗೆ ಮೂಳೆ ಕಡಿಯುವ ನಾಯಿಗಳು, ಎಲ್ಲಕ್ಕೂ ಹೊಗೆಯ ಮಸಿ. ಈಗ ಆ ಕಿಂಡಿಗಳನ್ನು ಒಡೆದು ಬಾಗಿಲಿನಷ್ಟು ಅಗಲದ ಕಿಟಕಿ ಇಟ್ಟಿದ್ದರು. ಅದರೊಳಗಿಂದ ಇಡೀ ಕಣಿವೆ ಕಾಣುತ್ತಿತ್ತು, ದೂರದಲ್ಲಿ ಆರ್ನೋ ನದಿಯ ಒಂದು ಎಳೆಯೂ. ನಾಯಿಗಳನ್ನು ಕೊಟ್ಟಿಗೆಗೆ ಅಟ್ಟಿದ್ದರು. ಎತ್ತೊಂದು ನಿಲ್ಲುವಷ್ಟು ದೊಡ್ಡದಿದ್ದ ಹಳೆಯ ಒಲೆಯನ್ನು ಹೊಗೆ ಚಿತ್ರಕ್ಕೆ ಕೇಡೆಂದು ಇಟ್ಟಿಗೆಯಿಂದ ಮುಚ್ಚಿ, ಮೇಲೆ ಗಾರೆ ಮೆತ್ತಿದ್ದರು. ಆ ಗೋಡೆಯ ಮೇಲೆಯೇ ಚಿತ್ರ: ಮಾತೆ ಮರಿಯಮ್ಮ ಹುಟ್ಟಿದ ಮನೆ. ಮಂಚದ ಮೇಲೆ ಬಾಣಂತಿ, ಕೆಳಗೆ ಬೆಂಕಿಯ ಪಕ್ಕ ಕೂಸನ್ನು ಎತ್ತಿಕೊಂಡ ದಾದಿ. ದಾದಿಯ ಮುಖ ಲಾಪಾಳದೇ ಆಗಬೇಕೆಂದು ತೆಬಾಲ್ದೊ ಹಟ ಹಿಡಿದಿದ್ದ. ಅವನ ತಾಯಿ ಅವನನ್ನು ಹೆತ್ತ ವಾರದೊಳಗೆ ತೀರಿಕೊಂಡಿದ್ದಳು. ಅವನಿಗೆ ಹಾಲು ಕೊಟ್ಟು ಸಾಕಿದವಳು ಲಾಪಾ.

ಬೆಳಕು ಲಾಪಾಳಿಗೆ ಇಷ್ಟವಾಗಿತ್ತು. ಇಷ್ಟವಿಲ್ಲ ಎಂದರೆ ಸುಳ್ಳಾದೀತು. ಕೂಸಿನ ಕಿವಿಯ ಹಿಂದಿನ ಸಣ್ಣ ಕೂದಲು ಕೂಡ ಆ ಬೆಳಕಿನಲ್ಲಿ ಕಾಣುತ್ತಿತ್ತು.

ಅವತ್ತು ತೆಬಾಲ್ದೊ ಬರಲಿಲ್ಲ. ಫ್ಲಾರೆನ್ಸಿನಿಂದ ಯಾರೋ ಗೆಳೆಯರು ಬಂದಿದ್ದಾರೆ, ನೆಲದಲ್ಲಿ ಸಿಕ್ಕ ಯಾವುದೋ ಹಳೆಯ ಕಲ್ಲಿನ ಮೇಲಿನ ಅಕ್ಷರ ಓದುತ್ತಿದ್ದಾರೆ ಎಂದು ಆಳು ಬಂದು ಹೇಳಿದ.

*

ಹೆಬ್ಬಾಗಿಲ ಬಳಿ ಮುದುಕ ಮಾಸೊ ಈರುಳ್ಳಿ ಮಡಿಗೆ ನೀರು ಹಾಕುತ್ತಿದ್ದ. ಒಂದು ಕಾಲದಲ್ಲಿ ಅವನು ಬಾಗಿಲು ಕಾಯುವವನು. ಈಗ ಬಾಗಿಲು ಮುಚ್ಚುವ ಪದ್ಧತಿಯೇ ಇರಲಿಲ್ಲ. ಕಂದಕಕ್ಕೆ ಮಣ್ಣು ತುಂಬಿದ ಮೇಲೆ ಅದರಲ್ಲಿ ಈರುಳ್ಳಿ ಹಾಕಿಕೊಂಡಿದ್ದ.

"ಬಂದ್ಳಪ್ಪ, ಮರಿಯಮ್ಮನ ದಾದಿ!" ಎಂದ ಲಾಪಾಳನ್ನು ಕಂಡು. "ನಾಳೆ ಸತ್ತು ಸ್ವರ್ಗಕ್ಕೆ ಹೋದ್ರೆ ನಿನ್ನ ಕೇಳ್ದೆ ಒಳಗೆ ಬಿಡಲ್ಲ ನಮ್ಮನ್ನ."

"ನಿನ್ನ ಬಿಡಬ್ಯಾಡಿ ಅಂತ ಈಗ್ಲೇ ಹೇಳಿಟ್ಟಿದೀನಿ. ಈರುಳ್ಳಿ ನಾತ ತಡೆಯೋಕಾಗಲ್ಲ ಅಂತ."

ಮಾಸೊ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಆಮೇಲೆ ದನಿ ಇಳಿಸಿ ಕೇಳಿದ: "ಹೇಳ್ದೆಯಾ?"

"ಅವನು ಬರ್ಲಿಲ್ಲ."

"ಬೇಗ ಹೇಳು ತಾಯಿ. ಕೆಳಗಿನ ಹೊಸ ಮನೆಗೆ ಹೆಂಚು ಹೊದಿಸ್ತಾವ್ರೆ."

ಲಾಪಾ ತಲೆಯಾಡಿಸಿ ಕೂಸನ್ನು ಶಾಲಿನೊಳಗೆ ಸೇರಿಸಿಕೊಂಡು ಇಳಿಜಾರು ಹಿಡಿದಳು. ಮಾಸೊ ಬೇರೆ ಏನೂ ಅನ್ನಲಿಲ್ಲ. ಅನ್ನಬೇಕಾದ್ದನ್ನು ಮೂರು ವರ್ಷದ ಹಿಂದೆಯೇ ಅಂದಿದ್ದ.

ಸೆರ್ರಾಲ್ತದಲ್ಲಿ ಹಿಂದಿನಿಂದ ಬಂದ ಒಂದು ನಡವಳಿಕೆ ಇತ್ತು. ಧಣಿಯ ಕೂಸಿಗೆ ಹಾಲೂಡಿಸಿದ ಹೆಂಗಸು, ಆ ಕೂಸು ಬೆಳೆದು ತಂದೆಯ ಪೀಠದಲ್ಲಿ ಮೊದಲ ಸಲ ಕೂತ ದಿನ, ಪಡಸಾಲೆಯ ಒಲೆಯ ಮುಂದೆ ನಿಂತು ಏನನ್ನಾದರೂ ಕೇಳಬಹುದು. ಒಂದೇ ಸಲ, ಒಂದೇ ಮಾತು. ಧಣಿ ಇಲ್ಲವೆನ್ನುವ ಹಾಗಿಲ್ಲ. ಜನ ಅದನ್ನು ಹಾಲಿನ ಕೇಳಿಕೆ ಎನ್ನುತ್ತಿದ್ದರು. ತೆಬಾಲ್ದೊನ ತಂದೆಗೆ ಹಾಲು ಕೊಟ್ಟವಳು ಒಂದು ಜೊತೆ ಎತ್ತು ಕೇಳಿದ್ದಳಂತೆ. ಅಜ್ಜನಿಗೆ ಕೊಟ್ಟವಳು ನೇಣಿಗೆ ಹೊರಟಿದ್ದ ಅಳಿಯನ ಜೀವ ಉಳಿಸಿಕೊಂಡಿದ್ದಳಂತೆ.

ಲಾಪಾ ತನ್ನ ಕೇಳಿಕೆಯನ್ನು ವರ್ಷಗಟ್ಟಲೆ ಒಳಗೇ ಇಟ್ಟುಕೊಂಡಿದ್ದಳು. ಅದು ಸುಮ್ಮನೆ ಬಂದದ್ದಲ್ಲ. ಕೋಟೆಯಿಂದ ಕರೆ ಬಂದಾಗ ಅವಳ ಮಡಿಲಲ್ಲಿ ಪಿಯೆರಾ ಎಂಬ ಹೆಣ್ಣು ಕೂಸಿತ್ತು. ಧಣಿಯ ಕೂಸಿಗೆ ಎರಡೂ ಮೊಲೆ ಬೇಕೆಂದರು. ಪಿಯೆರಾಗೆ ಮೇಕೆ ಹಾಲು ಹೊಂದಲಿಲ್ಲ, ಚಳಿಗಾಲ ದಾಟಲಿಲ್ಲ. ಎರಡು ವರ್ಷ ಕಳೆದು ನೂತೊ ಹುಟ್ಟಿದ. ಅವನು ನಡೆಯಲು ಕಲಿಯುವ ಹೊತ್ತಿಗೆ ಒಂದು ದಿನ ಅವಳ ಗಂಡ ಬೆತ್ತೊ, ಮಗುವಿನ ಜ್ವರಕ್ಕೆ ಔಷಧಿ ತರಲೆಂದು ಅಪ್ಪಣೆ ಕೇಳದೆ ಬಿಬ್ಬಿಯೇನ ಪೇಟೆಗೆ ಹೋಗಿಬಿಟ್ಟ. ಅವರು ಕಟ್ಟಿನ ಜನ. ಧಣಿಯ ಅಪ್ಪಣೆಯಿಲ್ಲದೆ ಊರಿನ ಗಡಿ ದಾಟುವಂತಿಲ್ಲ, ಮದುವೆಯಾಗುವಂತಿಲ್ಲ, ಕರೆದಾಗ ಕೋಟೆಯ ಕೆಲಸಕ್ಕೆ ಹೋಗದಿರುವಂತಿಲ್ಲ. ಬೆತ್ತೊನನ್ನು ನಾಯಿ ಬಿಟ್ಟು ಹಿಡಿಸಿ, ಕೈ ಕಟ್ಟಿ, ಕುದುರೆಯ ಹಿಂದೆ ನಡೆಸಿಕೊಂಡು ಬಂದರು. ಆಮೇಲೆ ಎರಡು ವರ್ಷವೂ ಅವನು ಬದುಕಲಿಲ್ಲ. ಅವನು ಸತ್ತದ್ದು ಬುರುಜಿಗೆ ಕಲ್ಲು ಹೊತ್ತು ಬಂದ ಜ್ವರದಿಂದ. ಆದರೆ ಅವಳಿಗೆ ಅವನ ನೆನಪಾದಾಗ ಕಾಣುತ್ತಿದ್ದುದು ಆ ಕಟ್ಟಿದ ಕೈಗಳೇ.

ಹಾಗಾಗಿ ದೊಡ್ಡ ಧಣಿ ತೀರಿಕೊಂಡು, ಫ್ಲಾರೆನ್ಸಿನಲ್ಲಿ ಓದುತ್ತಿದ್ದ ತೆಬಾಲ್ದೊ ಬಂದು ಪೀಠದಲ್ಲಿ ಕೂತ ದಿನ ಅವಳಿಗೆ ಯೋಚಿಸಬೇಕಾಗಿರಲಿಲ್ಲ. ಒಲೆಯ ಮುಂದೆ ನಿಂತು, "ನನ್ನ ಮಗನ ಕಟ್ಟು ಬಿಚ್ಚು," ಎಂದಳು.

ಅವನ ಕಣ್ಣು ತುಂಬಿ ಬಂತು. ಪೀಠದಿಂದ ಇಳಿದು ಬಂದು ಎಲ್ಲರೆದುರು ಅವಳ ಕೈ ಹಿಡಿದುಕೊಂಡ. ನೂತೊ ಒಬ್ಬನದೇ ಯಾಕೆ, ಇಡೀ ಸೆರ್ರಾಲ್ತದ ಕಟ್ಟು ಬಿಚ್ಚುತ್ತೇನೆ ಎಂದ. ಹಳೆಯ ಕಾಲದ ರೋಮಿನವರು ಹೇಳಿದ್ದನ್ನು ಹೇಳಿದ, ಮನುಷ್ಯ ಹುಟ್ಟುವಾಗಲೇ ಸ್ವತಂತ್ರ ಎಂದ. ಹೊಸ ದ್ರಾಕ್ಷಾರಸದ ಪೀಪಾಯಿ ಒಡೆದರು, ಗಂಟೆ ಹೊಡೆದರು. ನೂತೊ ಅವಳನ್ನು ಸೊಂಟ ಹಿಡಿದು ಎತ್ತಿ ತಿರುಗಿಸಿದ. ಆ ಗದ್ದಲದಲ್ಲಿ ಮಾಸೊ ಒಬ್ಬ ಮಾತ್ರ ಬಟ್ಟಲು ಹಿಡಿದು ಮೂಲೆಯಲ್ಲಿ ನಿಂತಿದ್ದ. "ಕಟ್ಟಿದ ಹಗ್ಗಕ್ಕೆ ಎರಡು ತುದಿ ಇರ್ತವೆ ಲಾಪಾ," ಎಂದಿದ್ದ. "ಒಂದು ನಮ್ಮ ಕಾಲಿಗೆ, ಇನ್ನೊಂದು ಅವರ ಕಾಲಿಗೆ." ಕುಡಿದಿದ್ದಾನೆ ಎಂದು ಎಲ್ಲರೂ ನಕ್ಕಿದ್ದರು. ಲಾಪಾಳೂ ನಕ್ಕಿದ್ದಳು.

ಕಟ್ಟಿನ ಜನ ಹೊಲ ಬಿಟ್ಟು ಹೋಗುವಂತಿರಲಿಲ್ಲ. ಹೊಲವನ್ನು ಅವರಿಂದ ಬಿಡಿಸುವಂತೆಯೂ ಇರಲಿಲ್ಲ. ಈ ಎರಡನೆಯದನ್ನು ಯಾರೂ ಯಾವತ್ತೂ ಬಾಯಿಬಿಟ್ಟು ಹೇಳಿರಲಿಲ್ಲ. ಉಸಿರಿನ ಹಾಗೆ ಅದು ಇತ್ತು, ಅಷ್ಟೆ. ಕಟ್ಟು ಬಿಚ್ಚಿದ ಮೇಲೆ ಹೊಸ ಮಾತು ಬಂತು. ಹೊಲ ಧಣಿಯದು, ದುಡಿಮೆ ನಿಮ್ಮದು, ಬೆಳೆ ಅರ್ಧರ್ಧ, ವರ್ಷದಿಂದ ವರ್ಷಕ್ಕೆ ಒಪ್ಪಂದ. ಈ ವರ್ಷ ಬಿಂದೊ ಬೆಟ್ಟದ ಮಗ್ಗುಲಿನ ಸಣ್ಣ ಸಣ್ಣ ಹೊಲಗಳನ್ನು ಸೇರಿಸಿ ಒಂದೇ ದೊಡ್ಡ ಹೊಲ ಮಾಡಿ, ನಡುವೆ ಹೆಂಚಿನ ಮನೆ ಕಟ್ಟಿಸಿದ. ಅದಕ್ಕೆ ಕೈ ಹೆಚ್ಚಿರುವ ಸಂಸಾರ ಬೇಕು. ನೂತೊನ ಮನೆಯಲ್ಲಿ ಗಟ್ಟಿ ಕೈ ಇದ್ದದ್ದು ಅವನದೊಂದೇ.

*

ಚೆಸ್ಟ್‌ನಟ್ ಒಣಗಿಸುವ ಗುಡಿಸಲಿನಲ್ಲಿ ಹೊಗೆ ಮಂದವಾಗಿತ್ತು. ಮೇಲಿನ ಅಟ್ಟದಲ್ಲಿ ಕಾಯಿ ಹರವಿ, ಕೆಳಗೆ ಸಣ್ಣ ಬೆಂಕಿ ಉರಿಸುತ್ತ ವಾರಗಟ್ಟಲೆ ಕಾಯಬೇಕು. ಬೆಂಕಿ ಹೆಚ್ಚಾದರೆ ಕಾಯಿ ಸೀಯುತ್ತದೆ, ಕಡಿಮೆಯಾದರೆ ಹುಳು ಬೀಳುತ್ತದೆ. ಸೊಸೆ ನೆಂಚಾ ಕೂಸನ್ನು ಇಸಿದುಕೊಂಡು ಗೋಡೆಗೆ ಒರಗಿ ಹಾಲು ಕೊಡತೊಡಗಿದಳು. ನೂತೊ ಒದ್ದೆ ದಿಮ್ಮಿಯೊಂದನ್ನು ಬೆಂಕಿಯ ಅಂಚಿಗೆ ತಳ್ಳಿದ.

"ಇವತ್ತೂ ಕೇಳ್ಲಿಲ್ಲ, ಅಲ್ವಾ ಅತ್ತೆ?" ಎಂದಳು ನೆಂಚಾ.

"ಕೇಳೋದು ಬ್ಯಾಡ ಅಂತ ಹೇಳಿದೀನಲ್ಲ," ಎಂದ ನೂತೊ. "ಮುಂಚೆ ನಮ್ಮಪ್ಪ ಕಾಲಿಗೆ ಬೀಳ್ತಿದ್ದ, ತಾತ ಬೀಳ್ತಿದ್ದ. ನಾನು ಬೀಳಲ್ಲ. ನನ್ನ ಕಾಲು, ನನ್ನ ದಾರಿ. ಎಲ್ಲಿ ಬೇಕಾದ್ರೂ ಹೋಗ್ತೀನಿ."

"ಹೋಗು, ಯಾರು ಬ್ಯಾಡ ಅಂದ್ರು? ಕಾಲು ನಿಂದು ಸರಿ. ಕೆಳಗಿರೋ ನೆಲ ಯಾರದು?" ನೆಂಚಾ ಕೂಸಿನ ತಲೆ ಸವರುತ್ತ ಅಂದಳು. ದನಿ ಮೆತ್ತಗೇ ಇತ್ತು, ಕೂಸು ಬೆಚ್ಚದ ಹಾಗೆ. "ಮುಂಚೆ ನಾವು ಓಡಿಹೋದ್ರೆ ನಾಯಿ ಬಿಟ್ಟು ಹಿಡಿಸೋರು. ಈಗ ಹೋಗದೆ ನಿಂತ್ರೆ ನಾಯಿ ಬಿಡ್ತಾರೆ. ನಾಯಿ ಮಾತ್ರ ಅವೇ."

ನೂತೊಗೆ ನಗು ಬಂತು. ಬರಬಾರದಿತ್ತು, ಬಂತು. ಲಾಪಾಳೂ ಶಾಲಿನಿಂದ ಬಾಯಿ ಮುಚ್ಚಿಕೊಂಡಳು. ಮೇಲೆ ಅಟ್ಟದಲ್ಲಿ ಕಾಯಿಗಳು ಟಕ್ ಟಕ್ ಎಂದು ಒಣಗಿ ಬಿರಿಯುವ ಸದ್ದು ಕೇಳುತ್ತಿತ್ತು. ಆ ಕಾಯಿ ಮನೆಯ ಹಿಂದಿನ ಮರದ್ದು. ಬೆತ್ತೊ ಕಸಿ ಕಟ್ಟಿದ ಮರ. ಅವನು ತೀರಿಕೊಂಡ ವರ್ಷ ಅದು ಲಾಪಾಳ ಮೊಣಕಾಲಿನವರೆಗೆ ಬಂದಿತ್ತು. ಈಗ ಅದರ ನೆರಳು ಮನೆಯ ಮಾಡು ದಾಟುತ್ತಿತ್ತು.

"ಅವ್ವ," ಎಂದ ನೂತೊ ಸ್ವಲ್ಪ ಹೊತ್ತಿನ ಮೇಲೆ, ಬೆಂಕಿಯನ್ನೇ ನೋಡುತ್ತ. "ನೀನು ಅವತ್ತು ನನಗೆ ಅಂತ ಕೇಳ್ದೆ. ತಪ್ಪು ಅಂತ ಅಂದ್ಕೋಬ್ಯಾಡ."

ಅವಳು ಅವನ ಕೂದಲಿನಲ್ಲಿ ಸಿಕ್ಕಿಕೊಂಡಿದ್ದ ಚೆಸ್ಟ್‌ನಟ್ ಸಿಪ್ಪೆಯ ಮುಳ್ಳೊಂದನ್ನು ತೆಗೆದು ಬೆಂಕಿಗೆ ಹಾಕಿದಳು.

*

ಮರುದಿನ ತೆಬಾಲ್ದೊ ಬಂದ. ಬೆರಳಲ್ಲಿ ಶಾಯಿ, ಮೊಣಕಾಲಿಗೆ ಮಣ್ಣು. ನೆಲದಲ್ಲಿ ಸಿಕ್ಕ ಕಲ್ಲಿನ ಅಕ್ಷರ ಇನ್ನೂ ಅವನ ಮುಖದಲ್ಲೇ ಇತ್ತು. ಬಾಗಿ ಕೂಸಿನ ಗಲ್ಲ ಮುಟ್ಟಿದ.

"ನೋಡು ಹಾಲಮ್ಮ, ಇವತ್ತು ನನ್ನ ನೋಡಿ ಅಳಲಿಲ್ಲ ಇವಳು."

"ಗಡ್ಡ ತೆಗೆಸ್ಕೊಂಡು ಬಂದಿದೀಯಲ್ಲ. ಮೊನ್ನೆವರೆಗೂ ಮೇಕೆ ಅಂದ್ಕೊಂಡಿತ್ತು."

ಅವನು ಗಟ್ಟಿಯಾಗಿ ನಕ್ಕ. ಧಣಿ ಅನ್ನಬೇಡ, ಮೊದಲಿನ ಹಾಗೆ ಬಾಲ್ದೊ ಅನ್ನು, ನನ್ನ ಮುಂದೆ ಬಾಗಬೇಡ ಎಂದು ಊರಿಗೆ ಬಂದ ದಿನವೇ ಅವನು ಅವಳಿಗೆ ಹೇಳಿದ್ದ. ಅವನ ತಂದೆ ಇದ್ದಾಗ ಅವಳು ಈ ಪಡಸಾಲೆಯಲ್ಲಿ ತಲೆಯೆತ್ತಿ ನಡೆದವಳಲ್ಲ.

ಅವನು ಕಿಟಕಿಯ ಕಟ್ಟೆಯ ಮೇಲೆ ಕೂತು ಯಾವಾಗಲೂ ಕೇಳುವುದನ್ನೇ ಮತ್ತೆ ಕೇಳಿದ: "ಅಮ್ಮನ ಮುಖ ಹೇಗಿತ್ತು, ಇನ್ನೊಂದು ಸಲ ಹೇಳು. ವೆಂತುರಾ, ನೀನೂ ಕೇಳಿಸ್ಕೋ."

"ಎಷ್ಟು ಸಲ ಹೇಳ್ಲಿ? ದುಂಡು ಮುಖ. ಮೂಗಿನ ಮೇಲೆ ಸಣ್ಣ ಸಣ್ಣ ಕಂದು ಚುಕ್ಕಿ. ನಿನ್ನನ್ನ ಅವಳ ಕೈಗೆ ಕೊಟ್ಟಾಗ ನಿನ್ನ ಕಾಲ್ಬೆರಳು ಎಲ್ಲಾ ಸರಿ ಇದಾವಾ ಅಂತ ನೋಡಿದ್ಳು. ಎರಡು ಸಲ ನೋಡಿದ್ಳು. ಆಮೇಲೆ ನನ್ನ ಕಡೆ ನೋಡಿದ್ಳು."

"ಏನಾದರೂ ಹೇಳಿದರಾ?"

"ಹೇಳೋ ಶಕ್ತಿ ಇರ್ಲಿಲ್ಲ ಮಗಾ. ನೋಡಿದ್ಳು, ಅಷ್ಟೆ."

ವೆಂತುರಾನ ಇದ್ದಿಲಿನ ಸದ್ದು ಮಾತ್ರ ಇತ್ತು. ಈಗ ಹೇಳದಿದ್ದರೆ ಇನ್ನು ಹೇಳಲಾಗದು ಎಂದು ಲಾಪಾಳಿಗೆ ಅನ್ನಿಸಿತು.

"ಬಾಲ್ದೊ, ಒಂದು ಮಾತು."

"ನೂರು ಹೇಳು."

"ಸಂತ ಮಾರ್ಟಿನನ ಹಬ್ಬಕ್ಕೆ ನಾವು ಮನೆ ಬಿಡ್ಬೇಕಂತೆ."

"ನಾವು ಅಂದರೆ? ಯಾರು?"

"ನಾನು. ನೂತೊ, ನೆಂಚಾ. ನಿನ್ನ ನೋಡಿ ಅಳ್ದೇ ಇದ್ದಾಳಲ್ಲ, ಇವಳು."

ಅವನ ಮುಖದಿಂದ ಕಲ್ಲಿನ ಅಕ್ಷರಗಳು ಒಂದೊಂದಾಗಿ ಅಳಿಸಿಹೋದವು. "ಬಿಂದೊ ಹೇಳಿದ್ದ," ಎಂದ ಕೊನೆಗೆ. "ಹೊಲ ಸೇರಿಸ್ತೀನಿ, ಇಳುವರಿ ಹೆಚ್ಚುತ್ತೆ ಅಂದಿದ್ದ. ಕಟ್ಟಡದ ಖರ್ಚಿಗೆ ಅದು ಬೇಕೇಬೇಕು ಅಂದ. ಯಾರ ಹೊಲ ಅಂತ ನಾನು ಕೇಳಲಿಲ್ಲ ಹಾಲಮ್ಮ. ಏನೋ ಓದ್ತಾ ಇದ್ದೆ. ಹೂಂ ಅಂದೆ."

"ಈಗ ಊಹೂಂ ಅನ್ನು."

ಅವನು ಎದ್ದು ಕಿಟಕಿಯ ಕಡೆ ತಿರುಗಿದ. ಕೆಳಗೆ ಹೊಸ ಮನೆಯ ಹೆಂಚು ಬಿಸಿಲಿಗೆ ಕೆಂಪಗೆ ಕಾಣುತ್ತಿತ್ತು.

"ಆ ಮನೆಗೆ ಬರೋರು ತಮ್ಮ ಊರಲ್ಲಿ ಮನೆ ಬಿಟ್ಟಾಗಿದೆ. ಒಂಬತ್ತು ಜನ. ಎತ್ತು ಮಾರಿದ್ದಾರೆ. ನಾನು ಬರೆದುಕೊಟ್ಟಿದ್ದೀನಿ. ಈಗ ಬೇಡ ಅಂದರೆ ಅವರು ಬೀದಿಗೆ ಬೀಳ್ತಾರೆ."

ಲಾಪಾಳಿಗೆ ಇದು ಹೊಳೆದಿರಲಿಲ್ಲ. ಇಷ್ಟು ದಿನ ಅವಳ ಮನಸ್ಸಿನಲ್ಲಿ ಆ ಹೊಸ ಮನೆ ಖಾಲಿಯೇ ಇತ್ತು. ಹೆಂಚು, ಗೋಡೆ, ಅಷ್ಟೆ. ಈಗ ಅದರ ಹೊಸ್ತಿಲಿನಲ್ಲಿ ಒಬ್ಬ ಹೆಂಗಸು ಬಂದು ನಿಂತಳು.

"ಅವರಲ್ಲೂ ಕೂಸು ಐತಾ?"

"ಇರಬೇಕು," ಎಂದ ತೆಬಾಲ್ದೊ.

ಅವಳು ತೆಸ್ಸಾಳ ಬಿಚ್ಚಿಹೋಗಿದ್ದ ಬಟ್ಟೆಯನ್ನು ಮತ್ತೆ ಸುತ್ತಿದಳು. ಸುತ್ತಿ ಮುಗಿಸಿದ ಮೇಲೂ ಅವಳ ಕೈ ಅಂಚನ್ನು ಸರಿಪಡಿಸುತ್ತಲೇ ಇತ್ತು.

"ನೂತೊಗೆ ನಾನು ದಾರಿ ಮಾಡ್ತೀನಿ," ಎಂದು ತೆಬಾಲ್ದೊ ಬೇಗ ಬೇಗ ಹೇಳತೊಡಗಿದ. "ಫ್ಲಾರೆನ್ಸಿನಲ್ಲಿ ನನ್ನ ಗೆಳೆಯನೊಬ್ಬನ ಉಣ್ಣೆಯ ಕಾರ್ಖಾನೆ ಇದೆ. ಉಣ್ಣೆ ತೊಳೆಯೋಕೆ, ಬಡಿಯೋಕೆ ಜನ ಬೇಕು. ಊರು ನೋಡಲಿ ಅವನು, ಬೆಟ್ಟದಲ್ಲೇ ಯಾಕೆ ಇರಬೇಕು? ನೀನು ಇಲ್ಲೇ ಇರು ಹಾಲಮ್ಮ. ಅಡುಗೆಮನೆ ಪಕ್ಕದ ಕೋಣೆ ಬೆಚ್ಚಗಿರುತ್ತೆ. ನಿನಗೆ ಏನೂ ಕೆಲಸ ಇಲ್ಲ. ನನ್ನ ಹತ್ತಿರ ಇದ್ದರೆ ಸಾಕು."

"ಇವಳನ್ನ ಯಾರು ಎತ್ಕೋತಾರೆ? ನೆಂಚಾಗೂ ಅಲ್ಲಿ ಕೆಲಸ ಬೇಕಾಗುತ್ತಲ್ಲ."

ಅವನು ಬಂದು ಅವಳ ಮುಂದೆ ನೆಲದ ಮೇಲೆ ಕೂತ, ಚಿಕ್ಕವನಿದ್ದಾಗ ಕೂರುತ್ತಿದ್ದ ಹಾಗೆ. "ನೀನು ಕೇಳಿದ್ದನ್ನೇ ಕೊಟ್ಟೆನಲ್ಲ ಹಾಲಮ್ಮ," ಎಂದ. ಚುಚ್ಚುವ ಮಾತಾಗಿರಲಿಲ್ಲ ಅದು. ಏನೋ ಒಡೆದುಹಾಕಿದ ಮಗು, ನಾನು ಮುಟ್ಟಿದ್ದು ಮೆಲ್ಲಗೇ ಅಲ್ಲವೇ ಎಂದು ಕೇಳುವ ಹಾಗಿತ್ತು.

"ಕೊಟ್ಟೆ ಮಗಾ. ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟೆ."

ಅವನ ಭುಜ ಅಲುಗುತ್ತಿತ್ತು. ಲಾಪಾ ಕೂಸನ್ನು ಎಡಗೈಗೆ ತೆಗೆದುಕೊಂಡು ಬಲಗೈಯನ್ನು ಅವನ ತಲೆಯ ಮೇಲಿಟ್ಟಳು. ಅವನನ್ನು ಸಮಾಧಾನ ಮಾಡುವುದು ಅವಳ ಕೈಗೆ ಗೊತ್ತಿದ್ದ ಕೆಲಸ. ಹೇಳಬೇಕೆಂದಿದ್ದ ಇನ್ನೊಂದು ಮಾತು ಗಂಟಲಿಗೆ ಬಂದಿತ್ತು: ಇನ್ನೊಂದು ಸಲ ಕೇಳಬಹುದೇ? ಆದರೆ ಹಾಲಿನ ಕೇಳಿಕೆ ಒಂದೇ ಸಲದ್ದು. ಕೇಳಿದರೆ ಇವನು ಇನ್ನೂ ಅತ್ತಾನು, ಆ ಹೊಸ್ತಿಲಿನ ಹೆಂಗಸು ಬೀದಿಗೆ ಬಿದ್ದಾಳು. ಅವಳು ಬಾಯಿ ಮುಚ್ಚಿಕೊಂಡಳು.

ವೆಂತುರಾ ಯಾವಾಗಲೋ ಬರೆಯುವುದನ್ನು ನಿಲ್ಲಿಸಿ ಬಣ್ಣ ಅರೆಯತೊಡಗಿದ್ದ. ಅರೆಯುವ ಕಲ್ಲನ್ನೇ ನೋಡುತ್ತಿದ್ದ.

*

ಸಂತ ಮಾರ್ಟಿನನ ದಿನ ಬಿಸಿಲು ಚೆನ್ನಾಗಿಯೇ ಇತ್ತು. ಆ ದಿನ ಯಾವಾಗಲೂ ಹಾಗೆಯೇ. ಮನೆ ಬದಲಿಸುವವರ ಹಾಸಿಗೆ ನೆನೆಯದಿರಲಿ ಎಂದು ಸಂತನೇ ಮೋಡ ಸರಿಸುತ್ತಾನಂತೆ. ಗಾಡಿಗೆ ಹಾಸಿಗೆ, ಹಿಟ್ಟಿನ ಪೆಟ್ಟಿಗೆ, ಚೆಸ್ಟ್‌ನಟ್ ಹಿಟ್ಟಿನ ಚೀಲ, ಕಾಲು ಕಟ್ಟಿದ ಕೋಳಿಗಳು ಏರಿದವು. ಕೊನೆಗೆ ಒಲೆಯ ಮೇಲೆ ಮಡಕೆ ತೂಗುಹಾಕುವ ಕಬ್ಬಿಣದ ಸರಪಳಿಯನ್ನು ನೂತೊ ಕೊಂಡಿಯಿಂದ ಬಿಚ್ಚಿದ. ಅದನ್ನು ಬಿಚ್ಚಿದರೆ ಮನೆ ಮುಗಿಯಿತು ಎಂದು ಲೆಕ್ಕ. ಮಸಿ ಕೈಗೆ ಅಂಟಿತು. ಒರೆಸಿಕೊಳ್ಳದೆ ಹಾಗೆಯೇ ನಿಂತ.

"ಬೆಂಕಿ?" ಎಂದಳು ನೆಂಚಾ.

"ಬಿಡು," ಎಂದಳು ಲಾಪಾ. "ಆರಿಸ್ಬ್ಯಾಡ. ಹೊಸ ಮನೆಗೆ ಬರೋರು ಕೆಂಡ ತಗೊಂಡು ಹೋಗ್ಲಿ. ಅವರಲ್ಲೂ ಕೂಸು ಇರಬೇಕಂತೆ."

ಈ ಹಳೆಯ ಮನೆಗೆ ಯಾರೂ ಬರುವುದಿಲ್ಲ, ಅದನ್ನು ಮೇವು ತುಂಬುವುದಕ್ಕೆ ಇಟ್ಟುಕೊಳ್ಳುತ್ತಾರೆ ಎಂದು ನೂತೊಗೆ ಗೊತ್ತಿತ್ತು. ಆದರೂ ಆರದ ಹಾಗೆ ಕೆಂಡದ ಮೇಲೆ ಬೂದಿ ಎಳೆದು ಮುಚ್ಚಿದ.

ಗಾಡಿ ಕೋಟೆಯ ಕೆಳಗಿನ ದಾರಿಗೆ ಬಂದಾಗ ಮಾಸೊ ಅಡ್ಡ ನಿಂತಿದ್ದ. ಕೈಯಲ್ಲಿ ಈರುಳ್ಳಿಯ ಜಡೆ.

"ತಗೋ. ಸ್ವರ್ಗದಲ್ಲಿ ನಾತ ತಡೆಯೋಕಾಗಲ್ಲ ಅಂದ್ಯಲ್ಲ, ಫ್ಲಾರೆನ್ಸಿನಲ್ಲಿ ತಡ್ಕೋತಾರೆ," ಎಂದು ಅದನ್ನು ಹಾಸಿಗೆಯ ಸಂದಿಗೆ ತುರುಕಿದ. "ಧಣಿ ಬೆಳಗ್ಗೇನೇ ಕುದುರೆ ಹತ್ತಿ ಹೋದ. ಎಲ್ಲಿಗೆ ಅಂತ ಹೇಳ್ಲಿಲ್ಲ. ಚಿತ್ರ ಮುಗಿದೈತೆ. ಹೋಗಿ ನಿನ್ನ ನೀನು ನೋಡ್ಕೊಂಡು ಬಾ. ಗಾಡಿ ನಾನು ಹಿಡ್ಕೋತೀನಿ."

"ಬ್ಯಾಡ," ಎಂದಳು ಲಾಪಾ.

"ಹೋಗ್ಬಾ ಅವ್ವ," ಎಂದ ನೂತೊ. "ಇನ್ನು ಯಾವಾಗ ನೋಡ್ತೀಯ?"

ಅವಳು ಕೂಸನ್ನು ಎತ್ತಿಕೊಂಡು ಮೇಲೆ ಹೋದಳು. ಪಡಸಾಲೆಯಲ್ಲಿ ಅಟ್ಟಣಿಗೆ ಬಿಚ್ಚಿದ್ದರು. ವೆಂತುರಾ ನೆಲದ ಮೇಲೆ ಕೂತು ಕುಂಚಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಯಾರೂ ಅವಳಿಗಾಗಿ ಹಾಗೆ ಎದ್ದು ನಿಂತದ್ದಿರಲಿಲ್ಲ.

ಕಿಟಕಿಯ ಬೆಳಕು ನೇರ ಗೋಡೆಗೆ ಬಿದ್ದಿತ್ತು. ಮಂಚದ ಮೇಲಿನ ಬಾಣಂತಿಗೆ ದುಂಡು ಮುಖ, ಮೂಗಿನ ಮೇಲೆ ಸಣ್ಣ ಚುಕ್ಕಿಗಳು. ಅವಳು ಕೂಸಿನ ಕಾಲ್ಬೆರಳುಗಳನ್ನೇ ನೋಡುತ್ತಿದ್ದಳು. ಲಾಪಾ ಬಹಳ ಹೊತ್ತು ಅವಳನ್ನು ನೋಡಿದಳು. ಆಮೇಲೆ ಕೆಳಗೆ, ಹಳೆಯ ಒಲೆ ಇದ್ದ ಜಾಗದಲ್ಲಿ, ಬೆಂಕಿಯ ಪಕ್ಕದಲ್ಲಿ ಕೂತ ದಾದಿಯನ್ನು. ಮೂಗು ಸೊಟ್ಟಗೇ ಇತ್ತು. ಕೈಯ ಗೆಣ್ಣುಗಳು ಊದಿದ್ದವು. ಅವಳ ತೋಳಿನಲ್ಲಿ ಚಿತ್ರದ ತೆಸ್ಸಾ ತನ್ನ ಹೆಬ್ಬೆರಳನ್ನು ದಿಟ್ಟಿಸಿ ನೋಡುತ್ತಿತ್ತು. ದಾದಿ ಮಾತ್ರ ಕೂಸನ್ನು ನೋಡುತ್ತಿರಲಿಲ್ಲ. ಅವಳ ಕಣ್ಣು ಚಿತ್ರದ ಹೊರಗೆ, ಬಾಗಿಲ ಕಡೆಗಿತ್ತು. ಬಾಯಿ ತುಸು ತೆರೆದಿತ್ತು.

"ಮುಚ್ಚಿದ ಬಾಯಿ ಬರೀಬೇಕು ಅಂತ ನೋಡಿದೆ," ಎಂದ ವೆಂತುರಾ, ಅವಳ ಮುಖ ನೋಡದೆ. "ಆಗಲಿಲ್ಲ ಅಜ್ಜಿ. ದಿನಾ ನೀನು ಹಾಗೇ ಕೂತಿರ್ತಿದ್ದೆ."

"ಚೆನ್ನಾಗೈತೆ ಕಣಪ್ಪ," ಎಂದಳು ಲಾಪಾ. "ಇದ್ದಂಗೇ ಐತೆ."

ಅವಳು ಇನ್ನೂ ಒಂದು ಹೆಜ್ಜೆ ಹತ್ತಿರ ಹೋದಳು. ಲಾಪಾಳ ತೋಳಿನಲ್ಲಿದ್ದ ತೆಸ್ಸಾ ಮುಂದಕ್ಕೆ ಬಾಗಿ, ಗೋಡೆಯ ಮೇಲಿನ ಕೆಂಪು ಹಳದಿ ಉರಿಯ ಕಡೆಗೆ ಅಂಗೈ ಚಾಚಿತು. ಬೆರಳು ಗಾರೆಯನ್ನು ಮುಟ್ಟುವ ಮೊದಲೇ ಲಾಪಾ ಆ ಸಣ್ಣ ಕೈಯನ್ನು ಹಿಡಿದು ಹಿಂದಕ್ಕೆಳೆದುಕೊಂಡಳು.

"ಬ್ಯಾಡ ಕಂದಾ," ಎಂದಳು. "ಸುಡುತ್ತೆ."